ಆರ್ಕಿಟೆಕ್ಟ್ ಆಗೋ ಪರೀಕ್ಷೆ: ನಮ್ಮಲ್ಲಿ ಜರಡಿ ಇರೋದು ಬಾಗಿಲಲ್ಲೇ

ಮಾಗಡಿ ತಾಲೂಕಿನ ಕೆಂಪಾಪುರದ ಹೆಸರು ರಾಜ್ಯಕ್ಕೆಲ್ಲ ಗೊತ್ತಾಗಿದ್ದು 2015ರಲ್ಲಿ, ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಅಲ್ಲಿದೆ ಅಂತ ಗುರುತಿಸಿದಾಗ. ಊರು ಕಟ್ಟಿದವನ ನೆನಪಿಗೆ ನಮ್ಮ ರಾಜಕಾರಣದಲ್ಲಿ ಬರವಿಲ್ಲ. ಆದರೆ ಅದೇ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ‘ನಾನೂ ಕಟ್ಟಡ ವಿನ್ಯಾಸ ಮಾಡ್ತೀನಿ’ ಅಂತ ಹೊರಟಳು ಅಂದುಕೊಳ್ಳಿ. ಅವಳ ಮುಂದಿರೋ ದಾರಿ ಯಾವುದು?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ‘ಆರ್ಕಿಟೆಕ್ಟ್ ಲೈಸೆನ್ಸ್ ಪರೀಕ್ಷೆ’ ಅಂತ ಹುಡುಕಿದರೆ ಅಮೆರಿಕದ ಎಆರ್‌ಇ ಬಗ್ಗೆ ರಾಶಿ ಸಲಹೆ ಸಿಗುತ್ತೆ. ಅಲ್ಲಿ ಪದವಿಯ ಜೊತೆಗೆ 3,740 ಗಂಟೆಗಳ ಕೆಲಸದ ಅನುಭವ ಬೇಕು, ಮೇಲೆ ಆರು ಪತ್ರಿಕೆಗಳ ಪರೀಕ್ಷೆ. ಭಾರತದಲ್ಲಿ ಅಂಥದ್ದಿಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಮಾನ್ಯತೆ ಇರೋ ಐದು ವರ್ಷದ ಬಿ.ಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡರೆ ನೀವು ಆರ್ಕಿಟೆಕ್ಟ್. ಈ ಕಾಯ್ದೆ ಕಾಯೋದು ಬಿರುದನ್ನು ಮಾತ್ರ ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್ 17ರಂದು ಹೇಳಿದೆ. ವಿನ್ಯಾಸದ ಕೆಲಸ ಬೇರೆಯವರೂ ಮಾಡಬಹುದು, ‘ಆರ್ಕಿಟೆಕ್ಟ್’ ಅಂತ ಬೋರ್ಡ್ ಹಾಕುವ ಹಾಗಿಲ್ಲ. ಆ ಬೋರ್ಡ್ ಯಾರಿಗೆ ಸಿಗುತ್ತೆ ಅನ್ನೋದು ಹದಿನೆಂಟರ ವಯಸ್ಸಲ್ಲೇ, ಬಿ.ಆರ್ಕ್ ಪ್ರವೇಶ ಪರೀಕ್ಷೆಯಲ್ಲೇ ಬಹುಪಾಲು ತೀರ್ಮಾನ ಆಗಿಬಿಡುತ್ತೆ.

ಮುಖ್ಯ ಪರೀಕ್ಷೆಗಳು ಎರಡು. ಕೌನ್ಸಿಲ್ 2006ರಿಂದ ನಡೆಸುತ್ತಿರುವ ನಾಟಾ ಒಂದು, ಎನ್‌ಟಿಎ ನಡೆಸುವ ಜೆಇಇ ಮೇನ್‌ನ ಪತ್ರಿಕೆ 2ಎ ಇನ್ನೊಂದು. ನಾಟಾ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಜೆಇಇ ಮಾತ್ರ ಕನ್ನಡವೂ ಸೇರಿ 13 ಭಾಷೆಗಳಲ್ಲಿ. ಕೇಳೋಕೆ ಖುಷಿ. ಆದರೆ ಜೆಇಇ ಅಂಕ ಹೆಚ್ಚು ಬೆಲೆಬಾಳೋದು ಎಸ್‌ಪಿಎ, ಎನ್‌ಐಟಿಗಳಲ್ಲಿ. ಎಸ್‌ಪಿಎ ಇರೋದು ದೆಹಲಿ, ಭೋಪಾಲ್, ವಿಜಯವಾಡದಲ್ಲಿ. ನಮ್ಮ ಸುರತ್ಕಲ್ ಎನ್‌ಐಟಿಕೆಯಲ್ಲಿ ಬಿ.ಆರ್ಕ್ ಇಲ್ಲವೇ ಇಲ್ಲ. ಅಂದರೆ ಕನ್ನಡದ ಪ್ರಶ್ನೆಪತ್ರಿಕೆ ಹುಡುಗಿಯನ್ನು ಕರ್ನಾಟಕದಿಂದ ಆಚೆ ಕಳಿಸುತ್ತೆ! ಇಲ್ಲೇ ಓದಬೇಕಂದರೆ ಕೆಇಎ ರ್‍ಯಾಂಕ್‌ನಲ್ಲಿ ಅರ್ಧ ಪಿಯುಸಿ ಅಂಕ, ಉಳಿದರ್ಧಕ್ಕೆ ನಾಟಾವೇ ಮುಖ್ಯ ದಾರಿ. ಹಿಂದಿಯಲ್ಲಿ ಕೊಡಬಹುದಾದ ಪರೀಕ್ಷೆಯನ್ನು ಕನ್ನಡದಲ್ಲಿ ಯಾಕೆ ಕೊಡಬಾರದು ಅಂತ ರಾಜ್ಯ ಸರ್ಕಾರ ಕೌನ್ಸಿಲ್‌ನ ಕೇಳಲೇಬೇಕು.

ಕೇಳುವವರೆಗೂ ತಯಾರಿ ನಿಲ್ಲಿಸೋಕಾಗಲ್ಲವಲ್ಲ. ನಾಟಾ ಒಟ್ಟು 200 ಅಂಕ. ಅದರಲ್ಲಿ 120 ಕಂಪ್ಯೂಟರ್ ಮೇಲೆ, 80 ಕೈಯಲ್ಲಿ ಬಿಡಿಸೋ ಚಿತ್ರ ಮತ್ತು ರಚನೆಗೆ. ಈ 80 ಅಂಕದ ಭಾಗಕ್ಕೆ 90 ನಿಮಿಷ, ಮೂರು ಪ್ರಶ್ನೆ: ಬಣ್ಣದ ಸಂಯೋಜನೆ, ಪೆನ್ಸಿಲ್ ಸ್ಕೆಚ್, ಕೊಟ್ಟ ಸಾಮಗ್ರಿಯಿಂದ ಮೂರು ಆಯಾಮದ ರಚನೆ. ಕೋಚಿಂಗ್ ಸೆಂಟರ್‌ಗಳು ಹಣ ಮಾಡೋದು ಇಲ್ಲೇ. ಭಾಷೆಯ ಹಂಗು ಕಡಿಮೆ ಇರೋದೂ ಇಲ್ಲೇ. ದಿನಕ್ಕೊಂದು ಗಂಟೆ ಸಾಕು, ಆದರೆ ಒಂದು ದಿನವೂ ತಪ್ಪಬಾರದು. ಸಮಾಧಿಯ ಕಲ್ಲಿನ ಕಟ್ಟಡ, ಮಾಗಡಿಯ ರಂಗನಾಥಸ್ವಾಮಿ ದೇವಸ್ಥಾನದ ಗೋಪುರ, ಸಂತೆಯ ಜನಜಂಗುಳಿ, ಬಸ್‌ಸ್ಟ್ಯಾಂಡು, ಎಲ್ಲವನ್ನೂ ನೋಡಿ ಬಿಡಿಸಿ. ಆಮೇಲೆ ನೋಡದೆ ಬಿಡಿಸಿ. ಬೆಂಕಿಪೊಟ್ಟಣ, ರಟ್ಟು, ಅಡಿಕೆ ಹಾಳೆ ಜೋಡಿಸಿ ಅರ್ಧ ಗಂಟೆಯಲ್ಲಿ ಒಂದು ರಚನೆ ನಿಲ್ಲಿಸೋಕೆ ಕಲೀರಿ. ಗಡಿಯಾರ ಇಟ್ಟುಕೊಂಡೇ ಮಾಡಿ, ಯಾಕಂದ್ರೆ ಚೆನ್ನಾಗಿ ಬಿಡಿಸೋರೂ ಸೋಲೋದು ಸಮಯಕ್ಕೆ.

ಗಣಿತಕ್ಕೆ ಬೇರೆ ತಯಾರಿ ಬೇಡ, ಪಿಯುಸಿ ಪಠ್ಯವೇ ತಳಹದಿ. ಕಷ್ಟ ಇರೋದು ಇಂಗ್ಲಿಷ್ ಪದಗಳಲ್ಲಿ. ‘ಎಲಿವೇಷನ್’, ‘ಸಿಮೆಟ್ರಿ’, ‘ಪರ್ಸ್‌ಪೆಕ್ಟಿವ್’ ಥರದವನ್ನು ಒಂದು ನೋಟ್‌ಬುಕ್ಕಲ್ಲಿ ಕನ್ನಡದ ಅರ್ಥ, ಪುಟ್ಟ ಚಿತ್ರ ಸಮೇತ ಬರೆದಿಡಿ.

ಇನ್ನು ಕ್ಯಾಲೆಂಡರ್. ಜೆಇಇ ಅರ್ಜಿ ಸಾಮಾನ್ಯವಾಗಿ ದ್ವಿತೀಯ ಪಿಯುಸಿಯ ಅರ್ಧದಲ್ಲೇ ಬರುತ್ತೆ. ಕನ್ನಡ ಪತ್ರಿಕೆ ಬೇಕಂದ್ರೆ ಅರ್ಜಿಯಲ್ಲೇ ಆರಿಸಿ, ಕೇಂದ್ರವೂ ಕರ್ನಾಟಕದಲ್ಲೇ ಇರಲಿ. ನಾಟಾವನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ಆದರೆ ಪ್ರತಿ ಸಲವೂ ಶುಲ್ಕ ಕಟ್ಟಬೇಕು. ಹಾಗಾಗಿ ಮೊದಲನೆಯದನ್ನು ಪಿಯುಸಿ ಪರೀಕ್ಷೆ ಮುಗಿದ ಕೂಡಲೇ ಬರೆಯಿರಿ, ಎಲ್ಲಿ ಅಂಕ ಹೋಯ್ತು ನೋಡಿ, ಎರಡನೆಯದಕ್ಕೆ ಒಂದು ತಿಂಗಳಾದರೂ ಬಿಡುವು ಕೊಡಿ. ನಾಟಾ ಬರೆದವರು ಕೆಇಎ ಪೋರ್ಟಲ್‌ನಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಅದರ ಕೊನೇ ದಿನಾಂಕ ನಾಟಾ ಫಲಿತಾಂಶಕ್ಕಾಗಿ ಕಾಯೋದಿಲ್ಲ.