ಪಾರ್ಸೆಲ್ ಒಳಗೊಂದು ಕೊಸರು: ಮನೆಯಲ್ಲಿ ಮಾಡಿದ ಪದಾರ್ಥ ಕಳಿಸುವಾಗ ಜೊತೆಗೆ ಏನಿಡಬೇಕು, ಏನು ಬೇಡ?

ಸಂತೆಯಲ್ಲಿ ತರಕಾರಿ ತಗೊಂಡರೆ ಮೇಲೆ ಒಂದು ಹಿಡಿ ಕರಿಬೇವು ಹಾಕ್ತಾರೆ. ಹೂವಿನವರು ಮೊಳ ಅಳೆದ ಮೇಲೆ ಎರಡು ಬೆರಳು ಜಾಸ್ತಿ ಬಿಟ್ಟು ಕತ್ತರಿಸ್ತಾರೆ. ಇದಕ್ಕೆ ನಮ್ಮಲ್ಲಿ 'ಕೊಸರು' ಅಂತ ಹೆಸರು. ಕೊಸರಿನ ಬೆಲೆ ತೀರಾ ಕಮ್ಮಿ. ಆದರೆ ಮುಂದಿನ ವಾರವೂ ಗಿರಾಕಿ ಅದೇ ಬುಟ್ಟಿ ಮುಂದೆ ಬಂದು ನಿಲ್ಲೋದಕ್ಕೆ ಅದೂ ಒಂದು ಕಾರಣ.

ಈಗ ನಮ್ಮಲ್ಲಿ ಎಷ್ಟೋ ಮಂದಿ ಹಲಸಿನ ಹಪ್ಪಳ, ಖಡಕ್ ರೊಟ್ಟಿ, ಜೇನು, ಬಾಳೆಕಾಯಿ ಹುಡಿ, ಅಡಿಕೆ ಹಾಳೆ ತಟ್ಟೆ, ಕೌದಿ ಇಂಥದ್ದನ್ನೆಲ್ಲ ಮನೆಯಲ್ಲೇ ಮಾಡಿ, ಮೊಬೈಲ್‌ನಲ್ಲೇ ಆರ್ಡರ್ ಹಿಡಿದು, ಅಂಚೆ ಅಥವಾ ಕೊರಿಯರ್‌ನಲ್ಲಿ ಕಳಿಸ್ತಿದ್ದಾರೆ. ಮೊದಲ ಆರ್ಡರ್ ಫೋಟೊ ನೋಡಿ ಬರುತ್ತೆ. ಎರಡನೇ ಆರ್ಡರ್ ಬರೋದು ಪೆಟ್ಟಿಗೆ ಬಿಚ್ಚಿದ ಮೇಲೆ. ದುಡ್ಡು ಉಳಿಯೋದೂ ಅಲ್ಲೇ, ಯಾಕಂದ್ರೆ ಎರಡನೇ ಸಲ ಗಿರಾಕಿ ಹುಡುಕೋ ಖರ್ಚು ಇರೋದಿಲ್ಲ.

ಸಂತೆಯಲ್ಲಾದರೆ ನೀವೇ ಎದುರಿಗಿರ್ತೀರಿ. 'ಇದನ್ನ ಹೇಗೆ ಕರಿಯೋದು, ಎಷ್ಟು ದಿನ ಇಡಬಹುದು' ಅಂತ ಕೇಳಿದರೆ ಬಾಯಲ್ಲೇ ಹೇಳಿ ಕಳಿಸ್ತೀರಿ. ಪಾರ್ಸೆಲ್‌ನಲ್ಲಿ ಆ ಮಾತು ಹೋಗೋದಿಲ್ಲ. ಹಾಗಾಗಿ ಪಾರ್ಸೆಲ್‌ನ ಕೊಸರು ಬರೀ ಉಡುಗೊರೆ ಆದರೆ ಸಾಲದು, ನೀವು ಎದುರಿಗಿದ್ದಿದ್ದರೆ ಹೇಳ್ತಿದ್ದ ಮಾತನ್ನ ಅದು ಹೇಳಬೇಕು. ಏನಾದರೂ ಹಾಕೋ ಮೊದಲು ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇದರಿಂದ ನನ್ನ ಮಾಲು ಚೆನ್ನಾಗಿ ಬಳಕೆ ಆಗುತ್ತಾ?

ಲೇಬಲ್ ಕೊಸರಲ್ಲ

ಮೊದಲು ಇದೊಂದು ಸ್ಪಷ್ಟ ಆಗಲಿ. ತಿನ್ನುವ ಪದಾರ್ಥ ಪ್ಯಾಕ್ ಮಾಡಿ ಮಾರುವಾಗ ಹೆಸರು, ಏನೇನು ಹಾಕಿದ್ದೀರಿ, ನಿವ್ವಳ ತೂಕ, ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನ, ಯಾವ ದಿನದೊಳಗೆ ಬಳಸಬೇಕು, ಬೆಲೆ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ ಇವೆಲ್ಲ ಪೊಟ್ಟಣದ ಮೇಲೆ ಇರಲೇಬೇಕು. ಇದು ಕಾನೂನು. ಇದನ್ನ ಬಿಟ್ಟು ಚೆಂದದ ರಿಬ್ಬನ್ ಕಟ್ಟಿದರೆ ಪ್ರಯೋಜನ ಇಲ್ಲ. ಜೊತೆಗೆ ಹಾಕೋ ಸ್ಯಾಂಪಲ್ ಪೊಟ್ಟಣವೂ ತಿನ್ನುವ ವಸ್ತುವೇ. ಅದು ಏನು, ಯಾವತ್ತು ಮಾಡಿದ್ದು, ಏನೇನಿದೆ ಅಂತ ಅದರ ಮೇಲೂ ಬರೀಬೇಕು.

ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ಕೊಸರು: ಒಂದು ಚೀಟಿ

ಅಂಗೈ ಅಗಲದ ಒಂದು ಚೀಟಿ ಸಾಕು. ಒಂದು ಎ4 ಹಾಳೆಯಲ್ಲಿ ನಾಲ್ಕು ಚೀಟಿ ಬರುತ್ತೆ, ಜೆರಾಕ್ಸ್ ಅಂಗಡಿಯಲ್ಲೇ ಮಾಡಿಸಬಹುದು. ಒಂದು ಬದಿ ಕನ್ನಡ ಇರಲಿ. ಹೊರ ರಾಜ್ಯದ ಗಿರಾಕಿ ಇದ್ದರೆ ಹಿಂಬದಿಗೆ ಇಂಗ್ಲಿಷ್. ಗಿರಾಕಿ ಮತ್ತೆ ಮತ್ತೆ ಕೇಳೋ ಎರಡು ಮೂರು ಪ್ರಶ್ನೆಗೆ ಅದರಲ್ಲಿ ಉತ್ತರ ಇರಬೇಕು. ನಿಮ್ಮ ವಾಟ್ಸ್‌ಆ್ಯಪ್ ತೆಗೆದು ಹಳೇ ಚಾಟ್ ಓದಿ, ಯಾವ ಪ್ರಶ್ನೆ ಜಾಸ್ತಿ ಬಂದಿದೆಯೋ ಅದನ್ನೇ ಬರೀರಿ. ಕೆಲವು ಉದಾಹರಣೆ:

ಜೇನು: ಚಳಿಗಾಲದಲ್ಲಿ ಜೇನು ಹರಳುಗಟ್ಟಿದರೆ 'ಸಕ್ಕರೆ ಬೆರೆಸಿದ್ದಾರೆ' ಅಂತ ಪೇಟೆಯ ಗಿರಾಕಿಗೆ ಅನುಮಾನ ಬರೋದು ಸಹಜ. ಜೇನಿನಲ್ಲಿರೋ ಗ್ಲೂಕೋಸ್ ತಾನಾಗೇ ಹರಳಾಗುತ್ತೆ, ಅದು ಕಲಬೆರಕೆಯ ಗುರುತಲ್ಲ. ಬಾಟಲಿಯನ್ನ ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತೆ, ಒಲೆ ಮೇಲೆ ಕುದಿಸಬಾರದು, ಫ್ರಿಜ್‌ನಲ್ಲಿ ಇಡೋದೂ ಬೇಡ. ಈ ಮೂರು ಸಾಲು ಚೀಟಿಯಲ್ಲಿದ್ದರೆ ವಾಪಸ್ ಬರೋ ಬಾಟಲಿ ಉಳಿಯುತ್ತೆ. ಇನ್ನೊಂದು ಸಾಲು ಖಂಡಿತ ಸೇರಿಸಿ: ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು.

ಹಲಸಿನ ಹಪ್ಪಳ: ಎಣ್ಣೆ ಚೆನ್ನಾಗಿ ಕಾದ ಮೇಲೆ ಹಾಕಿ, ಕೆಂಪಾಗೋ ಮೊದಲೇ ತೆಗೀರಿ. ಮೆತ್ತಗಾಗಿದ್ದರೆ ಬಿಸಿಲಿಗೆ ಇಟ್ಟು ಒಣಗಿಸಿ ಕರಿಯಿರಿ. ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ.

ಬಾಳೆಕಾಯಿ ಹುಡಿ: 2021ರಲ್ಲಿ ಇದು 'ಬಾಕಾಹು' ಅನ್ನೋ ಹೆಸರಲ್ಲಿ ಕರಾವಳಿ, ಮಲೆನಾಡಿನಲ್ಲಿ ದೊಡ್ಡ ಸುದ್ದಿ ಆಯ್ತು. ಆಗ ಹುಡಿ ಮಾಡೋ ವಿಧಾನದ ಜೊತೆಗೆ ಅದರಿಂದ ಏನೇನು ಅಡುಗೆ ಮಾಡಬಹುದು ಅನ್ನೋದೂ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಹೊಸ ಪದಾರ್ಥ ಅಂದರೆ ಹಾಗೇನೇ, ಅಡುಗೆ ಗೊತ್ತಿಲ್ಲದಿದ್ದರೆ ಡಬ್ಬಿ ಕಪಾಟಿನಲ್ಲೇ ಉಳಿಯುತ್ತೆ. 'ಮೊದಲ ಸಲ ಚಪಾತಿ ಹಿಟ್ಟಿಗೆ ಕಾಲು ಭಾಗ ಬೆರೆಸಿ ನೋಡಿ' ಅನ್ನೋವಷ್ಟು ಸುಲಭದ ಒಂದೇ ಅಡುಗೆ ಕೊಡಿ. ಹತ್ತು ಅಡುಗೆ ಪಟ್ಟಿ ಕೊಟ್ಟರೆ ಒಂದನ್ನೂ ಮಾಡೋದಿಲ್ಲ.

ಹಾಳೆ ತಟ್ಟೆ: ತೇವ ತಾಗಿದರೆ ಬೂಸ್ಟು ಬರುತ್ತೆ. ಒಣ ಜಾಗದಲ್ಲಿಡಿ, ಬಳಸಿ ಆದ ಮೇಲೆ ಗೊಬ್ಬರದ ಗುಂಡಿಗೆ ಅಥವಾ ಕುಂಡದ ಮಣ್ಣಿಗೆ ಹಾಕಬಹುದು ಅಂತ ಬರೀರಿ.

ಕೌದಿ: ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಬಣ್ಣ ಬಿಡಬಹುದು. ನೆರಳಲ್ಲಿ ಒಣಗಿಸಿ. ಹೊಲಿಯೋಕೆ ಎಷ್ಟು ದಿನ ಹಿಡೀತು, ಯಾರು ಹೊಲಿದರು ಅನ್ನೋ ಒಂದು ಸಾಲು ಹಾಕಿದರೆ ಬೆಲೆ ಯಾಕೆ ಅಷ್ಟು ಅಂತ ಗಿರಾಕಿಗೆ ತಾನಾಗೇ ತಿಳಿಯುತ್ತೆ. ಆದರೆ ನಿಜ ಇದ್ದದ್ದನ್ನಷ್ಟೇ ಬರೀರಿ.

ಚೀಟಿಯ ಕೊನೆಗೆ ವಾಟ್ಸ್‌ಆ್ಯಪ್‌ನ ಕ್ಯುಆರ್ ಕೋಡ್ ಇರಲಿ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಅದು ಪುಕ್ಕಟೆ ಸಿಗುತ್ತೆ, ಸ್ಕ್ಯಾನ್ ಮಾಡಿದ ಕೂಡಲೇ ನಿಮ್ಮ ಜೊತೆ ಚಾಟ್ ತೆರೆಯುತ್ತೆ. ದುಡ್ಡು ಕಳಿಸೋ ಕ್ಯುಆರ್ ಬೇಡ. ಪೆಟ್ಟಿಗೆಯಲ್ಲಿ ಅದನ್ನ ಕಂಡರೆ ಮೋಸ ಇರಬಹುದಾ ಅಂತ ಜನ ಹೆದರ್ತಾರೆ.

ಒಡೆಯೋ ಮಾಲಿಗೆ ಲೆಕ್ಕದ ಮೇಲೆ ಎರಡು

ಖಡಕ್ ರೊಟ್ಟಿ, ಹಪ್ಪಳ ಎಷ್ಟೇ ಜೋಪಾನ ಮಾಡಿದರೂ ದಾರಿಯಲ್ಲಿ ಒಂದೆರಡು ಮುರಿಯುತ್ತೆ. 20 ರೊಟ್ಟಿಗೆ ದುಡ್ಡು ತಗೊಂಡಿದ್ದರೆ 22 ಹಾಕಿ, 'ಮುರಿದರೆ ಇರಲಿ ಅಂತ ಎರಡು ಹೆಚ್ಚಿಗೆ ಇಟ್ಟಿದ್ದೇವೆ' ಅಂತ ಬರೆದಿಡಿ. ಬರೀದೇ ಇದ್ದರೆ ಯಾರೂ ಎಣಿಸೋದಿಲ್ಲ, ಮುರಿದದ್ದಷ್ಟೇ ಕಣ್ಣಿಗೆ ಬೀಳುತ್ತೆ. ಬರೆದಿದ್ದರೆ ದೂರು ಬರೋ ಜಾಗದಲ್ಲಿ ಸಮಾಧಾನ ಇರುತ್ತೆ.

ಪೆಟ್ಟಿಗೆಯಲ್ಲಿ ಖಾಲಿ ಜಾಗ ತುಂಬೋಕೆ ಹಳೇ ಪತ್ರಿಕೆ ಉಂಡೆ ಮಾಡಿ ಹಾಕಬಹುದು, ಆದರೆ ಅದು ಪೊಟ್ಟಣದ ಹೊರಗಡೆ ಮಾತ್ರ. ಮುದ್ರಣದ ಶಾಯಿ ಆಹಾರಕ್ಕೆ ತಾಗಬಾರದು. ಒಣ ಹುಲ್ಲು ನೋಡೋಕೆ ಚೆಂದ, ಆದರೆ ಹುಳ, ಬೂಸ್ಟು ಎರಡನ್ನೂ ಜೊತೆಗೆ ತರಬಹುದು. ತಿನ್ನುವ ಪದಾರ್ಥದ ಪೆಟ್ಟಿಗೆಗೆ ಅದು ಬೇಡ.

ಸ್ಯಾಂಪಲ್: ಜೋಡಿ ಆಗೋದನ್ನ ಕೊಡಿ

ರೊಟ್ಟಿ ತರಿಸಿದವರಿಗೆ 20 ಗ್ರಾಂ ಶೇಂಗಾ ಚಟ್ನಿ ಹಾಕಿದರೆ ಅವತ್ತೇ ರೊಟ್ಟಿ ಜೊತೆ ತಿಂತಾರೆ. ಹಿಡಿಸಿದರೆ ಮುಂದಿನ ಆರ್ಡರ್‌ನಲ್ಲಿ ಅದೂ ಸೇರುತ್ತೆ. ಸ್ಯಾಂಪಲ್ ಯಾವಾಗಲೂ ನೀವು ಮಾರೋ ಪದಾರ್ಥವೇ ಆಗಿರಲಿ, ನಿಮ್ಮಲ್ಲಿ ಅವತ್ತು ದಾಸ್ತಾನು ಇರೋದೇ ಆಗಿರಲಿ. ಮಾರಾಟಕ್ಕೇ ಇಲ್ಲದ್ದನ್ನ ರುಚಿ ತೋರಿಸಿ ಪ್ರಯೋಜನ ಇಲ್ಲ.

ಎರಡು ಎಚ್ಚರಿಕೆ. 'ಶೇಂಗಾ ಇದೆ' ಅಂತ ಪೊಟ್ಟಣದ ಮೇಲೆ ದಪ್ಪಗೆ ಬರೀರಿ, ಕೆಲವರಿಗೆ ಶೇಂಗಾ ಅಲರ್ಜಿ ಇರುತ್ತೆ. ಉಪ್ಪಿನಕಾಯಿ, ತುಪ್ಪದಂಥ ಸೋರೋ ವಸ್ತುವನ್ನ ಸ್ಯಾಂಪಲ್ ಮಾಡಬೇಡಿ. ಪುಕ್ಕಟೆ ಕೊಟ್ಟ ಎಣ್ಣೆ ಸೋರಿ ದುಡ್ಡು ಕೊಟ್ಟ ಹಪ್ಪಳ ಹಾಳಾದರೆ ಎರಡೂ ನಷ್ಟ.

ಬೀಜದ ಪೊಟ್ಟಣ: ರೈತರಿಗೆ ಮಾತ್ರ ಸಾಧ್ಯವಾದ ಕೊಸರು

ಪೇಟೆಯಲ್ಲಿ ಬಾಲ್ಕನಿ, ತಾರಸಿ ಮೇಲೆ ತರಕಾರಿ ಬೆಳೆಯೋರು ಬಹಳ ಇದ್ದಾರೆ. ನಿಮ್ಮ ಮನೆಯ ನಾಟಿ ಬೆಂಡೆ, ಹೀರೆ, ಮೆಣಸಿನ ಹತ್ತು ಬೀಜ ಅವರಿಗೆ ದೊಡ್ಡ ಉಡುಗೊರೆ. ತಾವು ಬೆಳೆದ ಬೀಜವನ್ನ ಉಳಿಸಿಕೊಳ್ಳೋ, ಹಂಚಿಕೊಳ್ಳೋ ಹಕ್ಕನ್ನ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನ ಬ್ರ್ಯಾಂಡ್ ಹೆಸರು ಹಾಕಿ ಮಾರೋದಕ್ಕೆ ಮಾತ್ರ ಅವಕಾಶ ಇಲ್ಲ.

ಪೊಟ್ಟಣದ ಮೇಲೆ ತಳಿಯ ಊರ ಹೆಸರು, ಯಾವ ತಿಂಗಳು ಬಿತ್ತಬೇಕು, ಎಷ್ಟು ಆಳ ಅಂತ ಬರೀರಿ. ಬೀಜದ ದಪ್ಪದ ಎರಡರಷ್ಟು ಆಳ ಅಂದರೆ ಸಾಮಾನ್ಯವಾಗಿ ಸರಿಹೋಗುತ್ತೆ. ಹೈಬ್ರಿಡ್ ಗಿಡದಿಂದ ತೆಗೆದ ಬೀಜ ಕೊಡಬೇಡಿ, ಅದರಲ್ಲಿ ತಾಯಿ ಗಿಡದ ಗುಣ ಹಾಗೇ ಬರೋದಿಲ್ಲ, ಹೆಸರು ನಿಮ್ಮದು ಕೆಡುತ್ತೆ. ಅಂಗಡಿಯಿಂದ ತಂದ, ಔಷಧಿ ಲೇಪಿಸಿದ ಬಣ್ಣದ ಬೀಜವನ್ನಂತೂ ತಿನ್ನುವ ಪದಾರ್ಥದ ಪೆಟ್ಟಿಗೆಗೆ ಯಾವ ಕಾರಣಕ್ಕೂ ಹಾಕಬಾರದು.

ವಿದೇಶಕ್ಕೆ ಹೋಗೋ ಪಾರ್ಸೆಲ್‌ನಲ್ಲಿ ಬೀಜ ಬೇಡವೇ ಬೇಡ. ಬೀಜದ ಜೊತೆ ರೋಗ, ಕಳೆ ಬರುತ್ತೆ ಅಂತ ದೇಶಗಳು ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾವೆ. 2020ರಲ್ಲಿ ಅಮೆರಿಕದ ಜನರಿಗೆ ತಾವು ಕೇಳದ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದಾಗ, 'ಬಿತ್ತಬೇಡಿ, ಅಧಿಕಾರಿಗಳಿಗೆ ಒಪ್ಪಿಸಿ' ಅಂತ ಅಲ್ಲಿನ ಕೃಷಿ ಇಲಾಖೆ ಹೇಳಿತ್ತು. ನೀವು ಪ್ರೀತಿಯಿಂದ ಹಾಕಿದ ಬೀಜ ಇಡೀ ಪಾರ್ಸೆಲ್ಲನ್ನೇ ಕಸ್ಟಮ್ಸ್‌ನಲ್ಲಿ ನಿಲ್ಲಿಸಬಹುದು.

ತೂಕದ ಲೆಕ್ಕ ಮರೀಬೇಡಿ

ಸ್ಪೀಡ್ ಪೋಸ್ಟ್‌ನಲ್ಲಿ 500 ಗ್ರಾಂ ದಾಟಿದ ಮೇಲೆ ಪ್ರತಿ ಹೆಚ್ಚುವರಿ 500 ಗ್ರಾಂಗೆ ದರ ಏರುತ್ತೆ. ಬಹುತೇಕ ಕೊರಿಯರ್‌ನವರದ್ದೂ ಇದೇ ರೀತಿ. ಹಪ್ಪಳ 400 ಗ್ರಾಂ, ಪೆಟ್ಟಿಗೆ 80 ಗ್ರಾಂ, ಒಟ್ಟು 480. ಇದಕ್ಕೆ 30 ಗ್ರಾಂ ಚಟ್ನಿ ಸೇರಿಸಿದರೆ 510 ಆಗಿ ಮುಂದಿನ ದರಕ್ಕೆ ಹೋಗುತ್ತೆ. ಆಗ ಐದು ರೂಪಾಯಿಯ ಕೊಸರಿಗೆ ಅಂಚೆ ಖರ್ಚೇ ಅದಕ್ಕಿಂತ ಜಾಸ್ತಿ. ಇಂಥ ಕಡೆ ಚೀಟಿ ಮತ್ತು ಬೀಜ ಸಾಕು, ಎರಡೂ ಸೇರಿ ಐದಾರು ಗ್ರಾಂ.

ಪೆಟ್ಟಿಗೆ ದೊಡ್ಡದಾದರೂ ದರ ಏರುತ್ತೆ. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. 30, 25, 15 ಸೆಂ.ಮೀ. ಪೆಟ್ಟಿಗೆ ಅಂದರೆ ಒಳಗೆ ಒಂದು ಕಿಲೋ ಇದ್ದರೂ 2.25 ಕಿಲೋ ಅಂತ ಲೆಕ್ಕ. ಕೊಸರಿಗೋಸ್ಕರ ದೊಡ್ಡ ಪೆಟ್ಟಿಗೆ ತಗೋಬೇಡಿ.

ಇವು ಬೇಡ

- ಊದುಬತ್ತಿ, ಸೋಪು, ಕರ್ಪೂರ: ಹಪ್ಪಳ, ರೊಟ್ಟಿ, ಹಿಟ್ಟು ಎಲ್ಲವೂ ವಾಸನೆ ಹೀರಿಕೊಳ್ತಾವೆ.
- ಹಸಿ ಕರಿಬೇವು, ಹೂವು, ವೀಳ್ಯದೆಲೆ: ಮುಚ್ಚಿದ ಪೆಟ್ಟಿಗೆಯಲ್ಲಿ ಮೂರ್ನಾಲ್ಕು ದಿನಕ್ಕೆ ಕೊಳೆತು ತೇವ ಬಿಡ್ತಾವೆ. ಸಂತೆಯ ಕೊಸರು ಪಾರ್ಸೆಲ್‌ಗೆ ಆಗೋದಿಲ್ಲ.
- ಪ್ಲಾಸ್ಟಿಕ್ ಕೀಚೈನ್, ಮಿನುಗೋ ಕಾಗದ: ಕಸದ ಬುಟ್ಟಿಗೆ ಹೋಗೋದಕ್ಕೆ ನೀವು ಯಾಕೆ ದುಡ್ಡು ಕೊಡಬೇಕು?
- 'ಐದು ಸ್ಟಾರ್ ಕೊಟ್ಟರೆ ಉಡುಗೊರೆ' ಅನ್ನೋ ಕಾರ್ಡ್: ಅಮೆಜಾನ್ ನಿಯಮದಲ್ಲಿ ಇದಕ್ಕೆ ಅವಕಾಶ ಇಲ್ಲ. ಅಲ್ಲಿನ ಗಿರಾಕಿಯನ್ನ ನೇರ ನಿಮ್ಮ ಹತ್ತಿರ ಆರ್ಡರ್ ಮಾಡಿ ಅಂತ ಕರೆಯೋದಕ್ಕೂ ಇಲ್ಲ. ಅಲ್ಲಿ ಮಾರೋದಾದರೆ ಬಳಕೆಯ ಚೀಟಿ ಮಾತ್ರ ಹಾಕಿ, ವಾಟ್ಸ್‌ಆ್ಯಪ್ ಕ್ಯುಆರ್ ಬೇಡ.
- ಕೇಳದೇ ಗಿರಾಕಿಯ ನಂಬರನ್ನ ಗ್ರೂಪಿಗೆ ಸೇರಿಸೋದು: ಕೊಸರಿನಿಂದ ಗಳಿಸಿದ ವಿಶ್ವಾಸ ಇದೊಂದರಿಂದಲೇ ಹೋಗುತ್ತೆ.

ಎಷ್ಟು ಖರ್ಚು ಮಾಡಬಹುದು?

ಕೊಸರಿನ ಖರ್ಚನ್ನ ಮಾರಾಟ ಬೆಲೆಗೆ ಹೋಲಿಸಬೇಡಿ, ಲಾಭಕ್ಕೆ ಹೋಲಿಸಿ. ಉದಾಹರಣೆಗೆ ಒಂದು ಪಾರ್ಸೆಲ್ 400 ರೂಪಾಯಿ, ಎಲ್ಲಾ ಖರ್ಚು ಕಳೆದು ಕೈಗೆ 80 ಉಳಿಯುತ್ತೆ ಅಂತಿಟ್ಕೊಳ್ಳಿ. 8 ರೂಪಾಯಿ ಕೊಸರು ಅಂದರೆ ಬೆಲೆಯಲ್ಲಿ ನೂರಕ್ಕೆ ಎರಡು, ಆದರೆ ಲಾಭದಲ್ಲಿ ಹತ್ತನೇ ಒಂದು ಪಾಲು. ಹತ್ತು ಪಾರ್ಸೆಲ್‌ಗೆ 80 ಖರ್ಚು. ಇದರಿಂದಾಗಿ ಒಂದು ಆರ್ಡರ್ ಹೆಚ್ಚಿಗೆ ಬಂದರೆ ಹೆಚ್ಚು ಕಮ್ಮಿ ಸರಿಸಮ, ಎರಡು ಬಂದರೆ ಲಾಭ. ಒಂದೂ ಬರಲಿಲ್ಲ ಅಂದರೆ ಆ ಕೊಸರು ಬದಲಾಯಿಸಬೇಕು.

ಇದನ್ನ ಊಹೆ ಮಾಡೋದು ಬೇಡ, ಹೊಲದಲ್ಲಿ ಹೊಸ ತಳಿ ಪರೀಕ್ಷೆ ಮಾಡೋ ಹಾಗೆ ಮಾಡಿ. ಮುಂದಿನ 20 ಪಾರ್ಸೆಲ್‌ಗೆ ಚೀಟಿ ಮಾತ್ರ, ಅದರ ನಂತರದ 20ಕ್ಕೆ ಚೀಟಿ ಜೊತೆ ಸ್ಯಾಂಪಲ್. ಮೊಬೈಲ್‌ನಲ್ಲೋ ಪುಸ್ತಕದಲ್ಲೋ ಹೆಸರು, ತಾರೀಕು, ಏನು ಹಾಕಿದ್ದೀರಿ ಅಂತ ಬರೆದಿಡಿ. ಪ್ರತಿ ಗಿರಾಕಿಗೂ ಅಷ್ಟೇ ದಿನ, ಅಂದರೆ ಎರಡು ತಿಂಗಳು, ಸಮಯ ಕೊಟ್ಟು ಯಾರು ಮತ್ತೆ ತರಿಸಿದರು ಅಂತ ನೋಡಿ. ಹಬ್ಬದ ತಿಂಗಳಲ್ಲಿ ಆರ್ಡರ್ ಹೇಗೂ ಏರುತ್ತೆ, ಹಾಗಾಗಿ ಈ ಪರೀಕ್ಷೆ ಹಬ್ಬ ಇಲ್ಲದ ದಿನಗಳಲ್ಲಿ ಮಾಡಿದರೆ ಒಳ್ಳೇದು.

ಇನ್ನೊಂದು ಮಾತು. ಒಂದು ಸಲ ಕೊಟ್ಟ ಕೊಸರನ್ನ ಮುಂದಿನ ಸಲ ಬಿಟ್ಟರೆ ಗಿರಾಕಿಗೆ ಏನೋ ಕಮ್ಮಿ ಆದ ಹಾಗೆ ಅನಿಸುತ್ತೆ. ಅದಕ್ಕೇ ವರ್ಷವಿಡೀ ಕೊಡೋಕೆ ಆಗೋದನ್ನೇ ಆರಿಸಿ. ಬೀಜ, ಸ್ಯಾಂಪಲ್ ಬದಲಾಗ್ತಾ ಇರಬಹುದು, ಚೀಟಿ ಮಾತ್ರ ಪ್ರತಿ ಪೆಟ್ಟಿಗೆಯಲ್ಲೂ ಇರಲಿ. ಮಾಲು ಚೆನ್ನಾಗಿಲ್ಲದಿದ್ದರೆ ಯಾವ ಕೊಸರೂ ಕಾಪಾಡೋದಿಲ್ಲ. ಮಾಲು ಚೆನ್ನಾಗಿದ್ದೂ ಬಳಸೋದು ಗೊತ್ತಾಗದೆ ಗಿರಾಕಿ ದೂರ ಆಗೋದನ್ನ ಮಾತ್ರ ಅಂಗೈ ಅಗಲದ ಚೀಟಿ ತಪ್ಪಿಸುತ್ತೆ. ಈ ವಾರ ಅದೊಂದನ್ನ ಬರೆದು ಮುಗಿಸಿ.