ಆಟಿಯ ಮಳೆಯಲ್ಲಿ ಜೇನು ಸಂಸಾರ

ಸುಳ್ಯ, ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲಿ ಜೇನು ತೆಗೆಯುವುದನ್ನು ನೋಡಬೇಕಾದರೆ ಬೇಸಗೆಯಲ್ಲಿ ಹೋಗಬೇಕು. ಜೇನು ಸಾಕುವುದನ್ನು ನೋಡಬೇಕಾದರೆ ಮಳೆಗಾಲದ ಆಟಿ ತಿಂಗಳಲ್ಲಿ ಬನ್ನಿ ಎಂದವರು ಸುಳ್ಯದ ಬಳಿಯ ಒಬ್ಬ ಹಿರಿಯ ಕೃಷಿಕರು. ಪ್ರಾಯ ಎಂಬತ್ತರ ಹತ್ತಿರ.

ಮಳೆ ಬಿಡದೆ ಹೊಯ್ಯುವಾಗ ಹೂ ಕಡಿಮೆ. ಇದ್ದರೂ ನೊಣ ಹಾರುವಂತಿಲ್ಲ. ಅವರು ಮುಚ್ಚಳ ತೆರೆಯುವುದಿಲ್ಲ. ಪೆಟ್ಟಿಗೆಯ ಹಿಂಬದಿಯನ್ನು ಒಂದು ಕೈಯಲ್ಲಿ ತುಸು ಎತ್ತಿ, ತೂಕದಲ್ಲೇ ಒಳಗಿನ ದಾಸ್ತಾನು ಅಳೆಯುತ್ತಾರೆ. ಹಗುರವೆನಿಸಿದರೆ ಸಂಜೆ ಗೆರಟೆಯಲ್ಲಿ ಸಕ್ಕರೆ ಪಾಕ, ಮೇಲೆ ನಾಲ್ಕು ಕಡ್ಡಿ, ನೊಣ ಮುಳುಗಬಾರದಲ್ಲ. ಹಗಲು ಕೊಟ್ಟರೆ ಪರಿಮಳಕ್ಕೆ ಪಕ್ಕದ ಪೆಟ್ಟಿಗೆಯವು ಕೊಳ್ಳೆಗೆ ಬರುತ್ತವೆ. ಪಾಕದ ಬಗ್ಗೆ ಕೇಳಿದ್ದಕ್ಕೆ, “ಇದು ಮಾರುವುದಕ್ಕಲ್ಲ ಮಾರಾಯ್ರೆ, ಅವು ಬದುಕುವುದಕ್ಕೆ” ಎಂದರು. ಹೂ ಶುರುವಾಗುವ ಮೊದಲೇ ಪಾಕ ನಿಲ್ಲುತ್ತದೆ.

ನಾನು ಬೆರಗಾದದ್ದು ಎರಡು ಬಡಕಲು ಕುಟುಂಬಗಳನ್ನು ಒಂದು ಮಾಡುವ ಕ್ರಮಕ್ಕೆ. ಸುಮ್ಮನೆ ಸೇರಿಸಿದರೆ ಕಚ್ಚಾಡಿ ಸಾಯುತ್ತವೆ. ಪ್ರತಿ ಕುಟುಂಬಕ್ಕೂ ಅದರದೇ ವಾಸನೆ. ಹಾಗಾಗಿ ಮುಸ್ಸಂಜೆ ಒಂದರ ರಾಣಿಯನ್ನು ತೆಗೆದು, ಇನ್ನೊಂದರ ಸಂಸಾರ ಕೋಣೆಯ ಮೇಲೆ ಹಳೆ ಪತ್ರಿಕೆ ಹಾಸಿ, ಸೂಜಿಯಲ್ಲಿ ಸಣ್ಣ ತೂತು ಚುಚ್ಚಿ, ರಾಣಿಯಿಲ್ಲದ ಕೋಣೆಯನ್ನು ಅದರ ಮೇಲಿಡುತ್ತಾರೆ. ಎರಡೂ ಕಡೆಯವು ಕಾಗದ ಕಡಿಯುತ್ತಾ ಹೋಗುವಷ್ಟರಲ್ಲಿ ವಾಸನೆ ಬೆರೆತಿರುತ್ತದೆ. ಎರಡು ಮೂರು ದಿನಕ್ಕೆ ಬಾಗಿಲಲ್ಲಿ ಕಾಗದದ ಚೂರು ಬಿದ್ದರೆ ಕೆಲಸ ಆಯಿತೆಂದು ಲೆಕ್ಕ.

ಉಳಿದದ್ದು ಗೊತ್ತಿರುವಂಥದ್ದೇ. ಅಡಿಹಲಗೆಯ ಕಸ ಒರೆಸದಿದ್ದರೆ ಮೇಣದ ಪತಂಗ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡದಿದ್ದರೆ ಇರುವೆ. ಮಳೆ ಬಿಟ್ಟ ಮೇಲೆ ಮೇಣ ಸವರಿದ ಖಾಲಿ ಪೆಟ್ಟಿಗೆ ಇಟ್ಟು ಹಾರಿ ಬರುವ ಹಿಂಡಿಗೆ ಕಾಯುವುದು, ಆಮೇಲೆ ಬಲವಾದ ಕುಟುಂಬದ ಪಾಲು. ಮುಚ್ಚಳ ಬಿದ್ದ ಎರಿಯನ್ನು ಮಾತ್ರ ಯಂತ್ರಕ್ಕೆ ಹಾಕುವುದು.

ಇಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಗಾತ್ರಕ್ಕೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು 1910ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ರೂಪಿಸಿದವರು ಪಾದ್ರಿ ನ್ಯೂಟನ್. ಇಲ್ಲಿನವರ ಜೇನು ಸಹಕಾರಿ ಸಂಘದ ಮೂಲಕ ‘ಮಾಧುರಿ’ ಹೆಸರಲ್ಲಿ ಪೇಟೆ ಕಂಡಿತು. 1991–92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣದ ತುಡುವೆ ಸಂಸಾರಗಳಲ್ಲಿ ಬಹುಪಾಲನ್ನು ಒಯ್ದಿತು. ಮರಿಗಳು ಕೋಶದೊಳಗೇ ನೀರು ತುಂಬಿದ ಚೀಲದಂತೆ ಸತ್ತುಬಿದ್ದಿದ್ದವು. ಹಿರಿಯರ ಜಗಲಿಯಲ್ಲಿ ಆಗ ಖಾಲಿಯಾದ ಪೆಟ್ಟಿಗೆಗಳು ಇನ್ನೂ ಇವೆ. “ಆಗ ಬಿಟ್ಟವರಲ್ಲಿ ಹೆಚ್ಚಿನವರು ಮತ್ತೆ ಶುರು ಮಾಡಲೇ ಇಲ್ಲ” ಎಂದರು.

ಈಗಿನ ಚಿಂತೆ ಕಳೆನಾಶಕ. ತೋಟದ ಬದಿಯ ನಾಚಿಕೆಮುಳ್ಳನ್ನು ನಾವು ಕಸವೆಂದು ಸುಡುತ್ತೇವೆ. ನೊಣಗಳಿಗೆ ಪರಾಗ ಸಿಗುವುದು ಅದರಲ್ಲೂ. ಪಕ್ಕದ ತೋಟದವರು ಕೀಟನಾಶಕ ಹೊಡೆಯುವುದೇ ಆದರೆ ನೊಣ ಗೂಡು ಸೇರಿದ ಮೇಲೆ, ಸಂಜೆ ಹೊಡೆಯಲಿ. ಹಿಂದಿನ ದಿನವೇ ಒಂದು ಫೋನ್ ಮಾಡಲಿ.