ಚಳಿಗೆ ಮನೆ ಸಜ್ಜಾಗಲಿ: ಮೊದಲು ನೆಲ, ಆಮೇಲೆ ಮಾಳಿಗೆ, ಕೊನೆಗೆ ಖರ್ಚು

ಅಕ್ಕಲಕೋಟ: ದೀಪಾವಳಿ ಮುಗಿದು ಹದಿನೈದು ದಿನ ಕಳೆದರೆ ಸಾಕು, ನಮ್ಮ ಗಡಿ ಹಳ್ಳಿಗಳಲ್ಲಿ ಹೊತ್ತು ಮುಳುಗುತ್ತಿದ್ದಂತೆ ಗಾಳಿಯ ಗುಣ ಬದಲಾಗುತ್ತದೆ. ಅಕ್ಕಲಕೋಟ, ದಕ್ಷಿಣ ಸೋಲಾಪುರ, ಮಂಗಳವೇಢೆ, ಜತ್ತ ತಾಲೂಕುಗಳು ಬೇಸಿಗೆಯ ಬಿಸಿಲಿಗೆ ಹೆಸರಾದವು. ಆದ್ದರಿಂದ ಮನೆ ಕಟ್ಟುವಾಗ, ಹಾಸಿಗೆ ಕೊಳ್ಳುವಾಗ ಚಳಿಯ ವಿಚಾರ ಯಾರ ತಲೆಗೂ ಬರುವುದಿಲ್ಲ. ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಹೋಗುತ್ತದೆ ಎಂಬ ಮಾತು ನಿಜ. ಆದರೆ ಅಲ್ಲಿಯವರೆಗಿನ ದಿನಗಳನ್ನು ಮನೆಯ ಮುದುಕರು, ಹಸುಗೂಸುಗಳು ದಾಟಬೇಕಲ್ಲ.

ಈ ದಾಟುವಿಕೆಗೆ ದೊಡ್ಡ ಖರ್ಚು ಬೇಕಿಲ್ಲ. ಒಂದೇ ಸೂತ್ರ ನೆನಪಿಟ್ಟರೆ ಸಾಕು: ಹೊಸ ಬಿಸಿ ಕೊಳ್ಳುವುದು ದುಬಾರಿ, ಇದ್ದ ಬಿಸಿ ಉಳಿಸಿಕೊಳ್ಳುವುದು ಅಗ್ಗ. ಮನೆಯಲ್ಲಿ ಪುಕ್ಕಟೆಯಾಗಿ ಸಿಗುವ ಬಿಸಿ ಎರಡು. ಒಂದು ಹಗಲಿನ ಬಿಸಿಲು, ಇನ್ನೊಂದು ನಮ್ಮ ಮೈಯ ಶಾಖ. ಸುಮ್ಮನೆ ಮಲಗಿದ ದೊಡ್ಡ ಮನುಷ್ಯನ ಮೈ ಸುಮಾರು 80 ವ್ಯಾಟ್‌ನಷ್ಟು ಶಾಖ ಹೊರಹಾಕುತ್ತದೆ. ಹಳೆಯ ಕಾಲದ ಒಂದು ಬಲ್ಬು ಉರಿದ ಹಾಗೆ. ಇವೆರಡೂ ಎಲ್ಲಿ ಸೋರಿಹೋಗುತ್ತವೆ ಎಂಬುದನ್ನು ನೋಡಿ ಮುಚ್ಚುವುದೇ ಚಳಿಗಾಲದ ತಯಾರಿ.

ಚಳಿ ಬರುವುದು ಎಲ್ಲಿಂದ?

ನಮ್ಮದು ಸಮುದ್ರದಿಂದ ದೂರದ ಒಣ ಬಯಲು. ಮಳೆಗಾಲ ಮುಗಿದ ಮೇಲೆ ಮೋಡ ಇರುವುದಿಲ್ಲ, ಗಾಳಿಯಲ್ಲಿ ತೇವವೂ ಕಡಿಮೆ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಹೊದಿಕೆಯಂತೆ ಆ ಶಾಖವನ್ನು ತಡೆಯುತ್ತದೆ. ಇಲ್ಲದಿದ್ದರೆ ತಡೆಯುವವರಿಲ್ಲ. ಹಾಗಾಗಿ ನಕ್ಷತ್ರಗಳು ನಿಚ್ಚಳವಾಗಿ ಕಾಣುವ, ಗಾಳಿ ಅಲುಗದ ರಾತ್ರಿ ಹೆಚ್ಚು ಚಳಿ. ಅತಿ ಹೆಚ್ಚು ಚಳಿ ಇರುವುದು ನಡುರಾತ್ರಿಯಲ್ಲಿ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಹೊತ್ತು ಮೂಡುವ ಆಸುಪಾಸಿನಲ್ಲಿ.

ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಳಿದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಕರೆಯುತ್ತದೆ. ಮರಾಠಿ ಪತ್ರಿಕೆಯಲ್ಲಿ 'ಥಂಡೀಚಿ ಲಾಟ್' ಎಂದು ಓದಿದರೆ ಅದೇ ಇದು. ಆ ಸುದ್ದಿ ಬಂದ ಮೇಲೆ ತಯಾರಿ ಶುರು ಮಾಡಿದರೆ ತಡವಾಯಿತು ಎಂದೇ ಅರ್ಥ.

ಮೊದಲು ನೆಲ

ಚಳಿ ಆದಾಗ ನಾವು ಮೇಲೆ ಇನ್ನೊಂದು ಹೊದಿಕೆ ಹಾಕುತ್ತೇವೆ. ಆದರೆ ಮೈಯ ಶಾಖ ಕೆಳಗಿನಿಂದಲೂ ಹೋಗುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಶಹಾಬಾದ್ ಫರಸಿಯ ನೆಲ. ಬೇಸಿಗೆಯಲ್ಲಿ ತಂಪು ಕೊಡುವ ಅದೇ ಕಲ್ಲು ಚಳಿಗಾಲದಲ್ಲಿ ಮಲಗಿದವರ ಬೆನ್ನಿನ ಬಿಸಿ ಹೀರುತ್ತದೆ. ಎರಡು ಹೊದ್ದರೂ ಬೆನ್ನು ಕೊರೆಯುವುದು ಇದಕ್ಕೇ.

ಮಾಡಬೇಕಾದದ್ದು ಇಷ್ಟು. ಎಲ್ಲಕ್ಕಿಂತ ಕೆಳಗೆ ರಟ್ಟು. ಕಿರಾಣಿ ಅಂಗಡಿಯ ಖಾಲಿ ಪೆಟ್ಟಿಗೆ ಬಿಚ್ಚಿ ಹಾಸಿದರೂ ಆಯಿತು. ಅದರ ಮೇಲೆ ಒಣಗಿಸಿದ ಗೋಣಿತಟ್ಟು, ಅದರ ಮೇಲೆ ಚಾಪೆ, ಆಮೇಲೆ ಕೌದಿ. ಹೊರಸಿನ ಮೇಲೆ ಮಲಗುವವರೂ ಇದನ್ನು ಮರೆಯಬಾರದು. ಹೊರಸಿನ ಹೆಣಿಗೆಯ ಕೆಳಗೆ ಗಾಳಿ ಆಡುತ್ತಿರುತ್ತದೆ. ಅಲ್ಲಿಯೂ ಗೋಣಿತಟ್ಟು ಹಾಸಿದ ಮೇಲೆಯೇ ಹಾಸಿಗೆ ಬಿಡಿಸಬೇಕು. ಮನೆಯಲ್ಲಿ ಎರಡು ಕೌದಿ ಇದ್ದರೆ ಒಂದು ಕೆಳಗೆ, ಒಂದು ಮೇಲೆ.

ಕೌದಿ, ಚಾದರ, ಕಂಬಳಿ

ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಪದರುಗಳ ನಡುವೆ ಅಲುಗದೆ ನಿಂತ ಗಾಳಿ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಆದ್ದರಿಂದ ಒಂದು ದಪ್ಪ ಹೊದಿಕೆಗಿಂತ ಎರಡು ತೆಳು ಹೊದಿಕೆ ಹಲವು ಬಾರಿ ಹೆಚ್ಚು ಬೆಚ್ಚಗೆ.

ಹಳೆ ಸೀರೆ, ಧೋತರಗಳನ್ನು ಪದರು ಪದರಾಗಿ ಇಟ್ಟು ಹೊಲಿಯುವ ಕೌದಿಯ ಗುಟ್ಟು ಇದೇ. ಮರಾಠಿ ನೆರೆಯವರು ಇದನ್ನೇ ಗೋಧಡಿ, ವಾಕಳ ಎನ್ನುತ್ತಾರೆ. ನೂಲಿನ ಸೀರೆಯಾದರೆ ಒಳ್ಳೆಯದು. ಪಾಲಿಸ್ಟರ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಅಂಥ ಸೀರೆಯನ್ನು ನಡುವಿನ ಪದರಿಗೆ ಹಾಕಿ, ಮೈಗೆ ತಾಗುವ ಎರಡೂ ಮಗ್ಗುಲಿಗೆ ನೂಲಿನದು ಇಡಿ. ಜೋಳದ ರಾಶಿಯ ಗಡಿಬಿಡಿ ಶುರುವಾಗುವ ಮೊದಲು ಇದನ್ನು ಮುಗಿಸಿಕೊಳ್ಳಬೇಕು.

ಸೋಲಾಪುರದ ಚಾದರಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆದರೆ ಬೇರೆಡೆ ನೇಯ್ದ ಮಾಲೂ 'ಸೋಲಾಪುರಿ' ಎಂಬ ಹೆಸರಿನಲ್ಲಿ ಸಂತೆಗೆ ಬರುತ್ತದೆ. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ. ನೇಯ್ಗೆ ಒತ್ತಾಗಿದ್ದು, ತೂಕ ಕೈಗೆ ತಿಳಿಯುವಂತಿರಬೇಕು. ಕಂಬಳಿಯ ಮಾತೇ ಬೇರೆ. ದಖ್ಖನಿ ಕುರಿಯ ಒರಟು ಉಣ್ಣೆ ಚುಚ್ಚುತ್ತದೆ ಎಂದು ಈಗಿನ ಹುಡುಗರು ಮೂಗು ಮುರಿಯುತ್ತಾರೆ. ಮೈಗೆ ಚಾದರ, ಅದರ ಮೇಲೆ ಕಂಬಳಿ ಹೊದ್ದರೆ ಚುಚ್ಚುವುದೂ ಇಲ್ಲ, ಇಬ್ಬನಿಯೂ ಒಳಗೆ ಇಳಿಯುವುದಿಲ್ಲ. ರಾತ್ರಿ ಜೋಳಕ್ಕೆ ನೀರು ಹಾಯಿಸಲು ಹೊಲಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ.

ಇದ್ದ ಹೊದಿಕೆಗಳನ್ನು ವಾರಕ್ಕೆ ಎರಡು ಸಲವಾದರೂ ಮಧ್ಯಾಹ್ನದ ಬಿಸಿಲಿಗೆ ಹಾಕಿ, ಹೊತ್ತು ಇಳಿಯುವ ಮೊದಲು ಒಳಗೆ ತನ್ನಿ. ತೇವ ಹಿಡಿದ ಕೌದಿ ತೂಕ ಕೊಡುತ್ತದೆ, ಬಿಸಿ ಕೊಡುವುದಿಲ್ಲ.

ಮಾಳಿಗೆ ಮತ್ತು ಪತ್ರಾಸು

ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆ ಹಗಲಿನ ಶಾಖವನ್ನು ಕುಡಿದು ರಾತ್ರಿ ನಿಧಾನವಾಗಿ ಬಿಡುತ್ತದೆ. ಅಂಥ ಮನೆ ಇದ್ದವರು ಮಾಳಿಗೆಯ ಬಿರುಕು ಮುಚ್ಚಿಸಿ ಉಳಿಸಿಕೊಳ್ಳಿ. ಪತ್ರಾಸಿನ ಮನೆಯ ಕಥೆ ಬೇರೆ. ತೆಳು ತಗಡು ಸಂಜೆಯಾಗುತ್ತಲೇ ಆರಿ ತಣ್ಣಗಾಗುತ್ತದೆ. ಒಳಗಿನ ಉಸಿರಿನ ತೇವ ಅದಕ್ಕೆ ತಾಗಿ ನೀರಾಗಿ, ಬೆಳಗಿನ ಜಾವ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ.

ಇದಕ್ಕೆ ಅಗ್ಗದ ಉಪಾಯವೆಂದರೆ ಮೇಲ್ಕಟ್ಟು. ಮಲಗುವ ಜಾಗದ ಮೇಲೆ, ಪತ್ರಾಸಿನಿಂದ ಒಂದು ಗೇಣು ಕೆಳಗೆ, ಹಳೆ ಸೀರೆ ಅಥವಾ ಗೋಣಿತಟ್ಟುಗಳನ್ನು ಹೊಲಿದು ಬಿಗಿಯಾಗಿ ಕಟ್ಟಿ. ನಡುವೆ ನಿಂತ ಗಾಳಿಯೇ ಹೊದಿಕೆಯಾಗುತ್ತದೆ. ಒಲೆಯ ಮೇಲೆ, ದೀಪದ ಹತ್ತಿರ ಮಾತ್ರ ಇದನ್ನು ಕಟ್ಟಲೇಬೇಡಿ.

ಬಾಗಿಲಿನ ಕೆಳಗಿನ ಸಂದಿಗೆ ಉದ್ದ ಬಟ್ಟೆ ಸುತ್ತಿ ಇಟ್ಟರೆ ಕಾಲಿಗೆ ಹೊಡೆಯುವ ಗಾಳಿ ನಿಲ್ಲುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ದಕ್ಷಿಣದ ಕಿಟಕಿ ಬಾಗಿಲು ತೆರೆದು ಬಿಸಿಲು ನೆಲಕ್ಕೆ ಬೀಳಲಿ. ಐದರ ಹೊತ್ತಿಗೆ ಮುಚ್ಚಿಬಿಡಿ. ದೀಪ ಹಚ್ಚುವ ಹೊತ್ತಿಗೆ ಮುಚ್ಚಿದರೆ ಗಳಿಸಿದ ಬಿಸಿ ಆಗಲೇ ಹೋಗಿರುತ್ತದೆ. ಆದರೆ ಮೇಲಿನ ಗವಾಕ್ಷಿಯನ್ನು ಪೂರ್ತಿ ಮುಚ್ಚಬೇಡಿ. ಕಾರಣ ಮುಂದಿದೆ.

ಶೇಗಡಿ ಹೊರಗಿರಲಿ

ಚಳಿಗಾಲದಲ್ಲಿ ಜೀವಕ್ಕೇ ಕುತ್ತು ತರುವ ಒಂದು ರೂಢಿ ಇದೆ. ಅಗ್ಗಿಷ್ಟಿಕೆಯಲ್ಲಿ, ಅಂದರೆ ಶೇಗಡಿಯಲ್ಲಿ, ಕೆಂಡ ತುಂಬಿ ಮಲಗುವ ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿಕೊಳ್ಳುವುದು. ಬಾಣಂತಿಯ ಕೋಣೆಯಲ್ಲಂತೂ ಹೊರಸಿನ ಕೆಳಗೇ ಕೆಂಡ ಇಡುತ್ತಾರೆ. ಹೊಗೆ ಇಲ್ಲವಲ್ಲ, ಭಯವೇನು ಎನ್ನುತ್ತಾರೆ. ಭಯ ಇರುವುದೇ ಅಲ್ಲಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕುಳಿತುಕೊಳ್ಳಬೇಕಾದ ಜಾಗವನ್ನು ಅದು 200 ಪಟ್ಟಿಗಿಂತ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಮಲಗಿದವರಿಗೆ ತಿಳಿಯುವುದೇ ಇಲ್ಲ, ನಿದ್ದೆಯಲ್ಲೇ ಎಚ್ಚರ ತಪ್ಪುತ್ತಾರೆ.

ಕೆಂಡ ಕಾಯಿಸಬೇಕೆಂದರೆ ಅಂಗಳದಲ್ಲಿ ಅಥವಾ ಬಾಗಿಲು ತೆರೆದ ಪಡಸಾಲೆಯಲ್ಲಿ, ಎಚ್ಚರವಿರುವಾಗ ಕಾಯಿಸಿ. ಮಲಗುವ ಮೊದಲು ಶೇಗಡಿ ಹೊರಗೆ ಹೋಗಬೇಕು. ಯಾರಿಗಾದರೂ ತಲೆನೋವು, ತಲೆಸುತ್ತು, ವಾಂತಿ ಬಂದಂತೆ ಆದರೆ ತಕ್ಷಣ ಬಾಗಿಲು ತೆರೆದು ಹೊರಗೆ ಕರೆತನ್ನಿ, 108ಕ್ಕೆ ಕರೆ ಮಾಡಿ. ಗಡಿಯ ಎರಡೂ ಕಡೆ ಅಂಬುಲೆನ್ಸ್‌ಗೆ ಅದೇ ಸಂಖ್ಯೆ.

ಬಾಣಂತಿಯ ಕೋಣೆಗೆ ಕೆಂಡಕ್ಕಿಂತ ಒಳ್ಳೆಯ ಉಪಾಯವಿದೆ. ಕೂಸಿಗೆ ಕುಲಾವಿ, ಕಾಲುಚೀಲ ಹಾಕಿ ತಾಯಿಯ ಎದೆಗೆ ಒತ್ತಿ ಮಲಗಿಸಿ ಹೊದಿಸುವುದು. ಹೊದಿಕೆ ಕೂಸಿನ ಮೂಗಿನ ಮೇಲೆ ಬರಬಾರದು. ಹಸುಗೂಸು ತನ್ನ ಮೈಯ ಶಾಖ ಕಾಯ್ದುಕೊಳ್ಳಲಾರದು. ಅದರ ಹೊಟ್ಟೆ ಮುಟ್ಟಿದರೆ ತಣ್ಣಗಿದ್ದು, ಹಾಲು ಕುಡಿಯಲು ಒಲ್ಲೆನೆಂದರೆ ಬೆಳಗಾಗುವವರೆಗೆ ಕಾಯದೆ ದವಾಖಾನೆಗೆ ಒಯ್ಯಿರಿ.

ಕರೆಂಟಿನ ಲೆಕ್ಕ

2000 ವ್ಯಾಟಿನ ಹೀಟರು ರಾತ್ರಿ ಆರು ತಾಸು ಉರಿದರೆ 12 ಯೂನಿಟ್. ಹತ್ತು ರಾತ್ರಿಗೆ 120 ಯೂನಿಟ್. ಯೂನಿಟ್ ಏರಿದಂತೆ ದರದ ಹಂತವೂ ಏರುತ್ತದೆ. ಅಷ್ಟಾದರೂ ಪತ್ರಾಸಿನ ಮನೆಯಲ್ಲಿ ಆ ಬಿಸಿ ಮೇಲಿನಿಂದ ಹಾರಿಹೋಗುತ್ತದೆ. ಅದೇ ಹಣದಲ್ಲಿ ಹೊದಿಕೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಸ್ನಾನದ ನೀರಿಗೆ ಬೇರೆ ಲೆಕ್ಕ. 20 ಲೀಟರ್ ನೀರನ್ನು 18 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಬೇಕು. ಅದೇ ನೀರನ್ನು ಕಪ್ಪು ಡ್ರಮ್ಮಿನಲ್ಲಿ ತುಂಬಿ ಮುಚ್ಚಿ ಬಿಸಿಲಿಗೆ ಇಟ್ಟು, ಅದು 29 ಡಿಗ್ರಿಗೆ ಬಂದ ಮೇಲೆ ಕಾಯಿಸಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಮಕ್ಕಳು, ಮುದುಕರು ಮಧ್ಯಾಹ್ನ ಸ್ನಾನ ಮಾಡಿದರೆ ಒಲೆಯೇ ಬೇಡ. ನೀರು ಕಾಯಿಸುವ ರಾಡನ್ನು ಲೋಹದ ಬಕೆಟ್ಟಿನಲ್ಲಿ ಹಾಕಬೇಡಿ. ಪ್ಲಗ್ ತೆಗೆಯದೆ ನೀರು ಮುಟ್ಟಬೇಡಿ.

ಕಟ್ಟಿಗೆ ಉರಿಸುವವರು ತೊಗರಿ, ಹತ್ತಿ ಕಟ್ಟಿಗೆಯನ್ನೂ ಕುಳ್ಳನ್ನೂ ಇಬ್ಬನಿ ತಾಗದ ಕಡೆ ಒಟ್ಟಿಕೊಳ್ಳಿ. ಹಸಿ ಕಟ್ಟಿಗೆಯ ಬಿಸಿಯಲ್ಲಿ ಒಂದು ಪಾಲು ಅದರೊಳಗಿನ ನೀರನ್ನೇ ಒಣಗಿಸಲು ಹೋಗುತ್ತದೆ. ಹೊಗೆಯೂ ಹೆಚ್ಚು.

ಹೊಟ್ಟೆಯ ಒಲೆ

ಹಿರಿಯರು ಹಬ್ಬಗಳನ್ನು ಸುಮ್ಮನೆ ಇಟ್ಟಿಲ್ಲ. ಎಳ್ಳಮಾವಾಸ್ಯೆಗೆ, ಮರಾಠಿಯ ವೇಳ ಅಮಾವಾಸ್ಯೆಗೆ, ಸಜ್ಜೆ ಕಡುಬು, ಶೇಂಗಾ ಹೋಳಿಗೆ. ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಸಂಕ್ರಾಂತಿಗೆ ಎಳ್ಳು ಬೆಲ್ಲ. ಎಳ್ಳು, ಶೇಂಗಾಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಒಂದು ಗ್ರಾಂ ಹಿಟ್ಟಿನಿಂದ 4 ಕ್ಯಾಲರಿ ಸಿಕ್ಕರೆ ಒಂದು ಗ್ರಾಂ ಎಣ್ಣೆಯಿಂದ 9 ಸಿಗುತ್ತದೆ. ರಾತ್ರಿ ಊಟ ಬಿಟ್ಟು ಮಲಗಿದವರಿಗೆ ಚಳಿ ಹೆಚ್ಚು. ರೊಟ್ಟಿಯ ಜೊತೆ ಒಂದು ಚಮಚ ಶೇಂಗಾ ಹಿಂಡಿ, ಬಿಸಿ ಸಾರು ಇರಲಿ. ಸೆರೆ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬುದು ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ. ಕುಡಿದು ಕಟ್ಟೆಯ ಮೇಲೆ ಮಲಗಿದವನಿಗೆ ಬೆಳಗಿನ ಜಾವ ದೊಡ್ಡ ಗಂಡಾಂತರ.

ಯಾರಿಗೆ ಯಾವ ಹಾಸಿಗೆ?

ಕಾಸಿಲ್ಲದೆ ಮಾಡಬಹುದಾದ ತಯಾರಿ ಇದು. ಆದರೂ ಇದೇ ಕಷ್ಟ. ನಮ್ಮ ಮನೆಗಳಲ್ಲಿ ಒಳ್ಳೆಯ ಹೊದಿಕೆ ದುಡಿಯುವ ಮಗನಿಗೆ ಹೋಗುತ್ತದೆ. ಹೊಸ ಚಾದರ ಅಳಿಯ ಬರಲಿ ಎಂದು ಟ್ರಂಕಿನಲ್ಲಿ ಕಾಯುತ್ತಿರುತ್ತದೆ. ಸವೆದ ಕೌದಿ ಅಜ್ಜನ ಪಾಲಿಗೆ. ಅಜ್ಜ ಮಲಗುವುದೂ ಗಾಳಿ ಹೊಡೆಯುವ ಪಡಸಾಲೆಯಲ್ಲಿ. ಕೇಳಿದರೆ "ನನಗ್ಯಾಕ ಬೇಕೋ ಹೊಸಾದು, ಹುಡುಗರಿಗೆ ಕೊಡ್ರಿ" ಎನ್ನುತ್ತಾರೆ. ಆ ಮಾತು ಕೇಳಿ ಸುಮ್ಮನಾಗಬಾರದು. ವಯಸ್ಸಾದ ಮೈಗೆ ಶಾಖ ಹುಟ್ಟಿಸುವ ಶಕ್ತಿಯೂ ಕಡಿಮೆ, ಚಳಿಯನ್ನು ಗುರುತಿಸುವ ಶಕ್ತಿಯೂ ಕಡಿಮೆ. ಚಳಿಗೆ ರಕ್ತನಾಳ ಬಿಗಿದು ರಕ್ತದೊತ್ತಡ ಏರುತ್ತದೆ. ಬಿಪಿ ಗುಳಿಗೆ ತಪ್ಪಿಸದಂತೆ ನೋಡಿಕೊಳ್ಳಬೇಕು. ಈ ಎರಡು ತಿಂಗಳು ಅವರ ಹಾಸಿಗೆ ಒಳಮನೆಗೆ ಬರಲಿ, ಟ್ರಂಕಿನ ಚಾದರ ಅವರ ಮೈಮೇಲೆ ಬರಲಿ. ತಲೆಗೆ ಟೋಪಿ, ಕಾಲಿಗೆ ಚೀಲ ಇರಲಿ. ಹಣ ಖರ್ಚು ಮಾಡುವುದಾದರೆ ಮೊದಲ ಖರೀದಿ ಇದೇ. ಅವರು ನಡುಗುವುದು ನಿಂತು, ಮಾತು ತೊದಲಿ, ಮಂಕಾದರೆ ಚಳಿ ಬಿಟ್ಟಿತು ಎಂದು ತಿಳಿಯಬೇಡಿ. ಒಣ ಬಟ್ಟೆಯಲ್ಲಿ ಸುತ್ತಿ ದವಾಖಾನೆಗೆ ಕರೆದೊಯ್ಯಿರಿ.

ಊರು ಬಿಟ್ಟವರನ್ನೂ ನೆನೆಯಬೇಕು. ಜತ್ತ ಕಡೆಯಿಂದ ಕಬ್ಬಿನ ಗ್ಯಾಂಗಿಗೆ ಹೋದ ಕುಟುಂಬಗಳು ಇದೇ ತಿಂಗಳುಗಳಲ್ಲಿ ಹೊಲದ ಅಂಚಿನ ಕೋಪಿಗಳಲ್ಲಿ ಮಕ್ಕಳೊಂದಿಗೆ ಮಲಗುತ್ತವೆ. ಅಲ್ಲಿ ಕಬ್ಬಿನ ರವದಿಗೆ ಕೊರತೆ ಇಲ್ಲ. ಒಣ ರವದಿ ದಪ್ಪಗೆ ಹಾಸಿ ಮೇಲೆ ತಾಡಪತ್ರಿ ಹಾಕಿದರೆ ನೆಲದ ಥಂಡಿ ನಿಲ್ಲುತ್ತದೆ. ಒಲೆ, ಬೀಡಿ ಮಾತ್ರ ಕೋಪಿಯಿಂದ ದೂರ ಇರಬೇಕು. ಊರಿನಿಂದ ಯಾರಾದರೂ ಅತ್ತ ಹೊರಟರೆ ಅವರ ಕೈಯಲ್ಲಿ ಒಂದು ಕೌದಿ, ಮಕ್ಕಳಿಗೆ ಎರಡು ಟೋಪಿ ಕಳಿಸಿಕೊಡಿ. ಅದಕ್ಕೆ ಬಸ್ಸಿನಲ್ಲಿ ಬೇರೆ ಟಿಕೆಟ್ ಬೇಕಾಗುವುದಿಲ್ಲ.